ಮೊಂಡಿ ಮಡು

"ನಾನು ಹೇಳಲ್ಲ."

ಹೊಳೆಯ ದಡದಲ್ಲಿ ನಿಂತಿದ್ದ ಇರಿಯಾ ಕಾರ್ಡನ್ನು ಔರೇಲಿಯು ಮಾಮನ ಕೈಗೇ ವಾಪಸ್ಸು ತುರುಕಿದಳು.

"ಹೇಳಲ್ಲ ಅಂದ್ರೆ ಏನಮ್ಮ ಅರ್ಥ? ಇರೋದು ಐದು ಸಾಲು. ಐದೇ ಐದು! ವಾಸ್ಕುನ ನೋಡು, ರೊಟ್ಟಿ ಒಲೆ ಬಗ್ಗೆ ಹನ್ನೆರಡು ಸಾಲು ಬಾಯಿಪಾಠ ಮಾಡಿದಾನೆ."

"ಸಾಲು ಜಾಸ್ತಿ ಅಂತಲ್ಲ ಮಾಮ. ಇದು ಸುಳ್ಳು ಅಂತ."

ಔರೇಲಿಯು ಮಾಮ ಫೊಂತೆಲಾ ಊರಿನ ಅಧ್ಯಕ್ಷರು. ಸ್ಕೂಲು ವ್ಯಾನಿನ ಡ್ರೈವರೂ ಅವರೇ, ಚರ್ಚಿನ ಗಂಟೆ ಕೆಟ್ಟರೆ ಏಣಿ ಹತ್ತುವವರೂ ಅವರೇ. ಊರಿನ ಸುತ್ತ ಎಂಟು ಕಿಲೋಮೀಟರಿನ ಕಾಲುದಾರಿ ಮಾಡಿಸಿ, ಬಂಡೆಗಳಿಗೆ, ಮರಗಳಿಗೆ ದಾರಿಗುರುತಿನ ಕೆಂಪು-ಹಳದಿ ಪಟ್ಟೆ ಬಳಿದವರೂ ಅವರೇ. ಬೆಳಗಾದರೆ ಭಾನುವಾರ, ದಾರಿಯ ಉದ್ಘಾಟನೆ. ಚೆಸ್ಟ್‌ನಟ್ ತೋಪು, ಊರೆಲ್ಲ ಸೇರಿ ರೊಟ್ಟಿ ಸುಡುವ ಕಲ್ಲಿನ ಒಲೆ, ಹದ್ದಿನ ಬಂಡೆ, ಕೊನೆಗೆ ಹೊಳೆಯ ಮಡು. ಒಂದೊಂದು ಜಾಗದಲ್ಲಿ ಊರಿನ ಒಂದೊಂದು ಮಗು ನಿಂತು ಬಂದವರಿಗೆ ಆ ಜಾಗದ ಕತೆ ಹೇಳಬೇಕು. ಊರಿನಲ್ಲಿ ಇದ್ದದ್ದೇ ನಾಲ್ಕು ಮಕ್ಕಳು, ಹಾಗಾಗಿ ಜಾಗಗಳೂ ನಾಲ್ಕೇ ಆದವು.

ಮಡು ಇರಿಯಾಳ ಪಾಲಿಗೆ ಬಂದಿತ್ತು. ಇನ್ಯಾರಿಗೆ ಬರಬೇಕು ಹೇಳಿ? ಮೇಲಿನ ಬಂಡೆಯಿಂದ ತಲೆ ಮುಂದಾಗಿ ನೀರಿಗೆ ಧುಮುಕುವ ಎದೆಗಾರಿಕೆ ಇದ್ದದ್ದು ಅವಳೊಬ್ಬಳಿಗೇ. ಅದೂ ಅಲ್ಲದೆ, ಆ ಮಡುವಿಗೆ ಹೆಸರು ಬಂದದ್ದೇ ಅವಳ ಮುತ್ತಜ್ಜಿಯಿಂದ.

ಊರವರೆಲ್ಲ ಅದನ್ನು ಕರೆಯುವುದು ಮೊಂಡಿ ಮಡು ಅಂತ.

ಆದರೆ ಮಾಮ ನಿಲ್ಲಿಸಿದ್ದ ಹೊಸ ಬೋರ್ಡಿನ ಮೇಲೆ 'ಕಿನ್ನರಿಯ ಕನ್ನಡಿ' ಎಂದು ಬರೆದಿತ್ತು. ಪಕ್ಕದಲ್ಲಿ ಒಂದು ಚಿತ್ರ. ರೆಕ್ಕೆ ಇರುವ ಹುಡುಗಿಯೊಬ್ಬಳು ಬಾಚಣಿಗೆ ಹಿಡಿದು ನೀರಿಗೆ ಇಣುಕುತ್ತಿದ್ದಳು.

"ಯಾವ ಕಿನ್ನರಿ ಬಂದು ಇಲ್ಲಿ ತಲೆ ಬಾಚ್ಕೊಂಡ್ಳು ಮಾಮ? ಯಾವಾಗ? ನೀವು ನೋಡಿದ್ರಾ?"

"ಅಯ್ಯೋ, ಅದು ಕತೆ ಕಣಮ್ಮ!"

"ಕತೆ ಅಲ್ಲ, ಕಾಗಕ್ಕ ಗುಬ್ಬಕ್ಕ. ನಿಜವಾದ ಕತೆ ಇದೆಯಲ್ಲ, ಅದನ್ನ ಹೇಳ್ತೀನಿ."

ಮಾಮ ಟೋಪಿ ತೆಗೆದು ಬೆವರು ಒರೆಸಿಕೊಂಡರು. "ನೋಡು ಪುಟ್ಟಿ. ಪೋರ್ತು ನಗರದಿಂದ ಮೂರು ಗಂಟೆ ಕಾರು ಓಡಿಸ್ಕೊಂಡು ಬರೋ ಜನಕ್ಕೆ 'ಬನ್ನಿ, ಮೊಂಡಿ ಮಡು ನೋಡಿ' ಅಂದ್ರೆ ಬರ್ತಾರಾ? ಕಿನ್ನರಿ ಅಂದ್ರೆ ಬರ್ತಾರೆ. ಫೋಟೊ ತೆಗೀತಾರೆ, ನಾಲ್ಕು ಜನಕ್ಕೆ ತೋರಿಸ್ತಾರೆ. ಊರು ಉಳಿಯೋದು ಬೇಡ್ವಾ? ಸ್ಕೂಲು ಮುಚ್ಚಿತು. ಅಂಗಡಿ ಮುಚ್ಚಿತು. ಇನ್ನೇನಿದೆ ನಮ್ಮ ಹತ್ರ?"

ಅದು ನಿಜವೇ. ಇರಿಯಾ ದಿನವೂ ಒಂದು ಗಂಟೆ ವ್ಯಾನಿನಲ್ಲಿ ಕುಲುಕಿಕೊಂಡು ಪೇಟೆಯ ಸ್ಕೂಲಿಗೆ ಹೋಗಬೇಕಿತ್ತು. ಆದರೂ, ಸ್ಕೂಲು ಮುಚ್ಚಿತು ಅಂತ ಮುತ್ತಜ್ಜಿಯ ಹೆಸರನ್ನೂ ಮುಚ್ಚಿಬಿಡಬೇಕಾ?

"ನಾನು ಹೇಳಲ್ಲ," ಅಂದಳು.

"ತಾನು ಹಿಡಿದ ಮೊಲಕ್ಕೆ ಮೂರೇ ಕಾಲು! ಆಯ್ತಮ್ಮ, ಮಡು ಕತೆನೂ ವಾಸ್ಕುನೇ ಹೇಳ್ಲಿ. ಒಲೆ ಹತ್ರ ಮುಗಿಸ್ಕೊಂಡು ಇಲ್ಲಿಗೆ ಓಡಿ ಬರ್ತಾನೆ. ಏನೋ ವಾಸ್ಕು?"

"ಓಡಿ ಬರ್ತೀನಿ," ಅಂದ ವಾಸ್ಕು. "ಆದ್ರೆ ಕಿನ್ನರಿ ಅಂದ್ರೆ ನಂಗೆ ನಗು ಬರುತ್ತೆ ಮಾಮ."

ಇರಿಯಾ ವಾಸ್ಕುವಿನ ಕಡೆ ತಿರುಗಿದಳು. ತನ್ನ ಮಡುವಿನ ಮುಂದೆ ನಿಂತು ವಾಸ್ಕು ಕಿಸಿಕಿಸಿ ನಗುತ್ತಾ ಕಿನ್ನರಿ ಕತೆ ಹೇಳುವುದಾ?

"ಬೇಡ. ನಾನೇ ಹೇಳ್ತೀನಿ," ಅಂದಳು. ಏನು ಹೇಳ್ತೀನಿ ಅಂತ ಮಾತ್ರ ಹೇಳಲಿಲ್ಲ.

ಫೊಂತೆಲಾದಲ್ಲಿ ಮನೆಗಳು ಮೂವತ್ತು, ಅಡ್ಡಹೆಸರುಗಳು ಮೂವತ್ತೊಂದು. ಆ ಹೆಚ್ಚಿನ ಒಂದು ಪಾದ್ರಿಗಳ ಕತ್ತೆಯದು. ಮಕ್ಕಳು ಎದುರಿಗೆ ಸಿಕ್ಕರೆ ಊರಿನ ಮುದುಕರು "ನಿನ್ನ ಹೆಸರೇನು?" ಅಂತ ಕೇಳುವುದಿಲ್ಲ, "ಯಾರ ಮನೆಯವಳು?" ಅಂತ ಕೇಳುತ್ತಾರೆ. ವಾಸ್ಕುವಿನದು ಅರ್ಧಗಡ್ಡದ ಮನೆ. ಅವನ ತಾತನ ತಾತ ಕ್ಷೌರದ ನಡುವೆಯೇ ಎದ್ದು ಓಡಿದ್ದರಂತೆ, ಯಾಕೆ ಅಂತ ಯಾರಿಗೂ ನೆನಪಿಲ್ಲ. ಇರಿಯಾಳದು ಮೊಂಡಿ ಮನೆ.

"ಏ ಮೊಂಡಿ, ಸರಿಯೇ ಅತ್ಲಾಗೆ!" ಅಂತ ವ್ಯಾನಿನಲ್ಲಿ ಹುಡುಗರು ಕೂಗುತ್ತಿದ್ದರು. ಇರಿಯಾಗೆ ಅದರಿಂದ ಬೇಜಾರಾಗುತ್ತಿರಲಿಲ್ಲ, ತಲೆಯ ಮೇಲೆ ಎರಡು ಕೋಡು ಬರುತ್ತಿತ್ತು. ಅಪ್ಪ ಆ ಹೆಸರಿನ ಕತೆಯನ್ನು ನೂರು ಸಲ ಹೇಳಿದ್ದ. ಬಹಳ ಹಿಂದೆ, ಮಡುವಿನ ನೀರೆಲ್ಲ ತನ್ನ ಗಿರಣಿಗೇ ಸೇರಿದ್ದು, ಹೆಂಗಸರು ಇನ್ನು ಮೇಲೆ ಅಲ್ಲಿ ಬಟ್ಟೆ ಒಗೆಯಕೂಡದು ಅಂತ ಗಿರಣಿ ಮಾಲೀಕ ಹೇಳಿದನಂತೆ. ಎಲ್ಲರೂ ಹೆದರಿ ಸುಮ್ಮನಾದರು. ಮುತ್ತಜ್ಜಿ ಪೆರ್ಪೇತುವಾ ಮಾತ್ರ ಒಂದು ಬೆಡ್‌ಶೀಟು ತಗೊಂಡು ಹೋಗಿ ಕೂತಳು. ಅದೊಂದನ್ನೇ ಬೆಳಗಿನಿಂದ ಕತ್ತಲಾಗುವವರೆಗೆ ಒಗೆದಳು. ಮರುದಿನವೂ ಅದನ್ನೇ ಒಗೆದಳು. ಮಾಲೀಕನ ಆಳು ಬಂದು ಸೋಪು ಕಿತ್ತುಕೊಂಡ, ಅವಳು ಬರೀ ನೀರಿನಲ್ಲಿ ಒಗೆದಳು. ಮೂರನೇ ದಿನ ಸಂಜೆ ಮಾಲೀಕನೇ ಬಂದ. ನೋಡಿದ. ಏನೂ ಹೇಳದೆ ಹೊರಟುಹೋದ. ಆಮೇಲೆ ಯಾರೂ ಯಾರನ್ನೂ ತಡೆಯಲಿಲ್ಲ.

ಇಂಥ ಮುತ್ತಜ್ಜಿ ಇರುವಾಗ ಕಿನ್ನರಿ ಯಾವ ಲೆಕ್ಕ?

ಮನೆಯಲ್ಲಿ ಅಜ್ಜಿ ಹುರುಳಿಕಾಯಿ ಬಿಡಿಸುತ್ತಾ ಕೂತಿದ್ದಳು. ಅಜ್ಜಿ ಜುಲ್ಮೀರಾ ಆ ಪೆರ್ಪೇತುವಾಳ ಮಗಳೇ. ಇರಿಯಾ ಉಸಿರು ಬಿಡದೆ ಎಲ್ಲವನ್ನೂ ಹೇಳಿದಳು.

"ಬೋರ್ಡು ಹಾಕ್ಕೊಳ್ಳಲಿ ಬಿಡು," ಅಂದಳು ಅಜ್ಜಿ.

"ಏನಜ್ಜಿ ನೀನು! ನಿಮ್ಮಮ್ಮನ ಹೆಸರು ಅದು! ನಿಂಗೆ ಕೋಪ ಬರಲ್ವಾ?"

"ನಮ್ಮಮ್ಮನ ಹೆಸರು ಪೆರ್ಪೇತುವಾ. ಮೊಂಡಿ ಅನ್ನೋದು ಬೈಗುಳ. ನೀನು ಬಿರುದು ಅಂದ್ಕೊಂಡ್ಯಾ?" ಅಜ್ಜಿ ಒಂದು ಕಾಯನ್ನು ಫಟ್ಟನೆ ಮುರಿದಳು. "ಆ ಮೂರು ದಿನ ಊರಿನ ಒಬ್ಬಳಾದ್ರೂ ಅವಳ ಪಕ್ಕ ಬಂದು ಕೂತ್ಳಾ? ಇಲ್ಲ. ಕಿಟಕಿಯಿಂದ ನೋಡಿ ನಕ್ರು. ನಾಲ್ಕನೇ ದಿನ ಎಲ್ಲರೂ ಬಟ್ಟೆ ಗಂಟು ಹೊತ್ಕೊಂಡು ಬಂದ್ರು. ಬಂದು, ಅವಳು ಕೂತಿದ್ದ ಕಲ್ಲಿನ ಮೇಲೇ ಒಗೆದು, ಅವಳಿಗೆ ಮೊಂಡಿ ಅನ್ನೋ ಹೆಸರನ್ನೇ ಖಾಯಂ ಮಾಡಿ ಹೋದ್ರು."

ಇರಿಯಾ ಅಜ್ಜಿಯ ಎದುರಿಗೇ ಕೂತಳು. ಅಪ್ಪನ ಕತೆಯಲ್ಲಿ ಇದು ಇರಲೇ ಇಲ್ಲ.

"ನಿಂಗೆ ಹೇಗೆ ಗೊತ್ತು?"

ಅಜ್ಜಿ ಎದ್ದು ಹೋಗಿ ಒಲೆಯ ಮೇಲಿನ ಸೂಪು ಕದಡಿದಳು. "ನಾಳೆ ನಾನು ಬರಲ್ಲ. ಕಾಲು ನೋವು. ನೀನೂ ಸುಮ್ನೆ ಆ ಕಾರ್ಡು ಓದಿ ಬಂದ್ಬಿಡು."

ಭಾನುವಾರ ಜನವೋ ಜನ. ದೊಡ್ಡ ಟೋಪಿ, ಊರುಗೋಲು, ಬೆನ್ನಿಗೊಂದು ಚೀಲ. ಚೆಸ್ಟ್‌ನಟ್ ತೋಪು ದಾಟಿ, ಒಲೆಯ ಹತ್ತಿರ ಬಿಸಿ ರೊಟ್ಟಿ ತಿಂದು, ಹದ್ದಿನ ಬಂಡೆ ಹತ್ತಿ ಇಳಿದು, ಕೊನೆಗೆ ಎಲ್ಲರೂ ಮಡುವಿನ ದಡಕ್ಕೆ ಬಂದರು. ಊರವರೂ ಹಿಂದೆಯೇ ಬಂದರು.

ಇರಿಯಾ ಬೋರ್ಡಿನ ಪಕ್ಕದಲ್ಲಿ ನಿಂತಿದ್ದಳು. ಔರೇಲಿಯು ಮಾಮ ಕಾರ್ಡು ಕೈಗಿಟ್ಟು, "ನಗ್ತಾ ಹೇಳು," ಅಂತ ಪಿಸುಗುಟ್ಟಿದರು.

ಇರಿಯಾ ನಗಲಿಲ್ಲ. ಕಾರ್ಡನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡಳು.

"ಇದು ಮೊಂಡಿ ಮಡು. ಬೋರ್ಡು ತಪ್ಪು."

ಔರೇಲಿಯು ಮಾಮನ ಮುಖ ಮಾಗಿದ ಟೊಮೆಟೊ ಥರ ಆಯಿತು. ಇರಿಯಾ ನಿಲ್ಲಿಸಲಿಲ್ಲ. ಮಾಲೀಕನ ವಿಷಯ ಹೇಳಿದಳು, ಬೆಡ್‌ಶೀಟಿನ ವಿಷಯ ಹೇಳಿದಳು, ಸೋಪಿನ ವಿಷಯ ಹೇಳಿದಳು. ಆಮೇಲೆ ಉಳಿದದ್ದನ್ನೂ ಹೇಳಿದಳು.

"ಆ ಮೂರು ದಿನ ಊರಿನವರು ಒಬ್ಬರೂ ಬರಲಿಲ್ಲ. ನಾಲ್ಕನೇ ದಿನ ಎಲ್ಲರೂ ಬಂದರು. ಅವರೇ ಅವಳನ್ನ ಮೊಂಡಿ ಅಂದಿದ್ದು. ಅಷ್ಟೇ. ಇಲ್ಲಿ ಕಿನ್ನರಿ ಇಲ್ಲ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಊರವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವಾಸ್ಕು ತನ್ನ ಶೂ ನೋಡಿಕೊಂಡ. ಇರಿಯಾಗೆ ಓಡಿಹೋಗಿ ಬಿಡೋಣ ಅನ್ನಿಸಿತು. ಓಡಲಿಲ್ಲ. ಓಡಿದರೆ ಹೇಳಿದ್ದೆಲ್ಲ ಸುಳ್ಳಾಗಿಬಿಡುತ್ತಿತ್ತು.

ಆಗ ಪೋರ್ತುವಿನ ಒಬ್ಬ ಹೆಂಗಸು ಕೈ ಎತ್ತಿದಳು. "ಅಲ್ಲಮ್ಮ, ಮೂರು ದಿನ ಹಗಲೆಲ್ಲ ಜಾಗ ಬಿಟ್ಟು ಏಳಲಿಲ್ಲ ಅಂದ್ರೆ ಊಟಕ್ಕೆ ಏನು ಮಾಡಿದ್ರು?"

ಇರಿಯಾ ಅದನ್ನು ಎಂದೂ ಯೋಚಿಸಿರಲಿಲ್ಲ. "ಗೊತ್ತಿಲ್ಲ," ಅಂದಳು.

"ನಾನು ತಂದ್ಕೊಡ್ತಿದ್ದೆ."

ಎಲ್ಲರೂ ತಿರುಗಿ ನೋಡಿದರು. ಜನರ ಹಿಂದೆ, ಆಲ್ಡರ್ ಮರದ ಕೆಳಗೆ ಅಜ್ಜಿ ನಿಂತಿದ್ದಳು. ಯಾವಾಗ ಬಂದಳೋ, ಯಾರೂ ನೋಡಿರಲಿಲ್ಲ.

"ಫೆಬ್ರವರಿ ತಿಂಗಳು, ಕೊರೆಯೋ ಚಳಿ. ನಂಗೆ ಆಗ ಆರು ವರ್ಷ," ಅಂದಳು ಅಜ್ಜಿ. ಟೂರಿಸ್ಟರಿಗೆ ಹೇಳಿದಳೋ, ಊರವರಿಗೋ ತಿಳಿಯಲಿಲ್ಲ. "ಒಂದು ಪಾತ್ರೆ ಸೂಪು, ಮೇಲೊಂದು ತುಂಡು ರೊಟ್ಟಿ. ಬೀದಿ ನಡುವೆನೇ ಬರ್ಬೇಕು, ಬೇರೆ ದಾರಿ ಇಲ್ಲ. ಕಿಟಕಿಗಳಿಂದ ಕೂಗ್ತಿದ್ರು. 'ಮೊಂಡಿಗೆ ಮೇವು ಹೋಗ್ತಿದೆ, ನೋಡ್ರೇ!' ಅಂತ. ಓಡೋಣ ಅಂದ್ರೆ ಸೂಪು ಚೆಲ್ಲುತ್ತೆ. ಅದಕ್ಕೇ ನಿಧಾನಕ್ಕೆ ನಡೀಬೇಕಿತ್ತು. ಇಲ್ಲಿಗೆ ಬಂದ್ರೆ ಅವಳಿಗೆ ಚಮಚ ಹಿಡಿಯೋಕೆ ಆಗ್ತಿರಲಿಲ್ಲ, ಬೆರಳು ಮಡಚ್ತಿರಲಿಲ್ಲ. ನಾನೇ ತಿನ್ನಿಸ್ತಿದ್ದೆ."

ಊರವರಲ್ಲಿ ಒಬ್ಬ ಮುದುಕಿ ಶಿಲುಬೆಯ ಗುರುತು ಮಾಡಿಕೊಂಡಳು. ಔರೇಲಿಯು ಮಾಮ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಬೋರ್ಡಿನ ಕಡೆ ಒಮ್ಮೆ ನೋಡಿ, "ಜುಲ್ಮೀರಕ್ಕ, ಇದನ್ನ ನೀವು ಯಾವತ್ತೂ ಹೇಳಲೇ ಇಲ್ಲ," ಅಂದರು.

"ಯಾರು ಕೇಳಿದ್ರು?" ಅಂದಳು ಅಜ್ಜಿ.

ಜನ ನಿಧಾನವಾಗಿ ನೀರಿನ ಕಡೆ ಇಳಿಯತೊಡಗಿದರು. ಕೆಲವರು ಬಗ್ಗಿ ನೀರಿಗೆ ಕೈ ಇಟ್ಟು ನೋಡಿದರು. ಇರಿಯಾ ಅಜ್ಜಿಯ ಹತ್ತಿರ ಹೋಗಿ ನಿಂತಳು. ಬೈಯುತ್ತಾಳೇನೋ ಅಂದುಕೊಂಡಿದ್ದಳು. ಅಜ್ಜಿ ಬೈಯಲಿಲ್ಲ.

"ಅವರು ಹಾಗೆ ಕೂಗಿದಾಗ ನೀನು ಏನು ಮಾಡ್ದೆ ಅಜ್ಜಿ?"

"ಏನು ಮಾಡ್ಲಿ? ಅತ್ಕೊಂಡು ನಡೆದೆ."

"ಮಾರನೇ ದಿನ?"

"ಮಾರನೇ ದಿನಾನೂ ಬಂದೆ. ಹಸಿವಾಗಿರುತ್ತಲ್ಲ ಅವಳಿಗೆ."

ಇರಿಯಾ ಅಜ್ಜಿಯ ತೋಳಿಗೆ ತೋಳು ಸೇರಿಸಿ ನಿಂತಳು. ಇಷ್ಟು ದಿನ ಆ ಕತೆಯಲ್ಲಿ ಮೊಂಡಿ ಒಬ್ಬಳೇ ಅಂದುಕೊಂಡಿದ್ದಳು.