ಚಿಪ್‌ಗೆ ಅಂಟಿದ ಕೆಂಪು ಎಳೆ

"ಟೀಚರ್, ನಮ್ಮ ಚಿಪ್ ಸತ್ತೈತ್ರಿ. ಸಾಹಿಲ ಕೊಂದಾನ," ಎಂದು ವಿಜಯಮಹಾಂತೇಶ ಬಾಗಿಲಲ್ಲೇ ನಿಂತ.

ಬಿಬಿಜಾನ ಟೀಚರ್ ಮೂವತ್ತು ವರ್ಷ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ವಿದ್ಯಾಗಿರಿ ಬಡಾವಣೆಯಲ್ಲಿ ಏನು ಕಳೆದರೂ, ಯಾರಿಗೆ ಯಾರ ಮೇಲೆ ಗುಮಾನಿ ಬಂದರೂ ಜನ ಬರುತ್ತಿದ್ದುದು ಅವರ ಮನೆಗೇ. ಹಳೆಯ ಶಿಷ್ಯೆ ರಾಜಶ್ರೀ ಎಂದಿನಂತೆ ಒಲೆ ಆರಿಸಿ ಅವರ ಬೆನ್ನಿಗೆ ಹೊರಟಳು.

ವಿಜಯಮಹಾಂತೇಶನ ಮನೆಯ ಮಾಳಿಗೆಯೇ ಅವನ ಕಂಪನಿ. ಮಗ್ಗ ನಡೆಸುವ ಯಂತ್ರಕ್ಕೆಂದು ಅವನೂ ಸಾಹಿಲನೂ ಎರಡು ವರ್ಷ ಕೂತು ಪ್ರೊಸೆಸರ್ ರೂಪಿಸಿದ್ದರು. ಹೊರದೇಶದಲ್ಲಿ ತಯಾರಾಗಿ ಬಂದ ಐದರಲ್ಲಿ ನಡೆಯುತ್ತಿದ್ದುದು ಒಂದೇ. ಅಂದು ಮಧ್ಯಾಹ್ನ ಇಳಕಲ್ಲಿನ ಕಾರ್ಖಾನೆಯವರು ಅದನ್ನು ನೋಡಲು ಬರುವವರಿದ್ದರು. ಇದು ನಡೆಯದಿದ್ದರೆ ಅವರು ಎದುರಾಳಿ ಕಂಪನಿಯ ಹೊಸ ಚಿಪ್ ಕೊಳ್ಳುತ್ತಿದ್ದರು. ಆ ಕಂಪನಿ ಸಾಹಿಲನನ್ನು ಕೆಲಸಕ್ಕೆ ಕರೆದದ್ದೂ ಎಲ್ಲರಿಗೂ ಗೊತ್ತಿತ್ತು.

"ಬರಂಗಿಲ್ಲ ಅಂತ ಅವ್ರಿಗೆ ಹೇಳೇನ್ರಿ. ಇವಾ ನಂಬವಲ್ಲ," ಎಂದ ಸಾಹಿಲ. ಚಿಪ್ ಮುಟ್ಟುವಾಗ ಕಟ್ಟಿಕೊಳ್ಳುವ, ನೆಲಕ್ಕೆ ಜೋಡಿಸುವ ತಂತಿಯ ಪಟ್ಟಿ ಅವನ ಮಣಿಕಟ್ಟಿನಲ್ಲಿ ಇನ್ನೂ ಇತ್ತು.

ಟೀಚರ್ ಭೂತಗನ್ನಡಿ ಹಿಡಿದರು. ಡಬ್ಬಿಯ ಕಪ್ಪು ಸ್ಪಂಜಿನಲ್ಲಿ ಚಿಪ್ ಓರೆಯಾಗಿ ಕೂತಿತ್ತು. ಅಂಚಿನಲ್ಲಿ ಬಿಳಿ ಪುಡಿ. ಚಿಪ್‌ನ ಸಣ್ಣ ಲೋಹದ ಕಾಲೊಂದಕ್ಕೆ ಅಂಟಿದ ಕೆಂಪು ಎಳೆ.

"ನಿನ್ನೆ ಡಬ್ಬಿ ಎಲ್ಲಿತ್ತೋ?"

"ಸಂಜೀಕ ನಡಸಿ ನೋಡಿ, ಕೆಳಗ ನಮ್ಮ ಮನ್ಯಾಗ ಇಟ್ಟಿದ್ನಿರಿ. ಮುಂಜಾನೆ ತೆಗೆದಾವ ಸಾಹಿಲ."

ಟೀಚರ ಮುಖ ಇಳಿದದ್ದು ರಾಜಶ್ರೀಗೆ ಮಾತ್ರ ಕಂಡಿತು. ಗುಟ್ಟು ಈ ಮನೆಯದೇ ಎಂದು ಹೊಳೆದು, ಸುಮ್ಮನೆ ಎದ್ದು ಹೋಗಿಬಿಡೋಣ ಎನ್ನಿಸಿತು ಅವಳಿಗೆ. ಆದರೆ ಹೋದರೆ ಸಾಹಿಲ ದ್ರೋಹಿಯಾಗಿಯೇ ಉಳಿಯುತ್ತಿದ್ದ.

ಎಲ್ಲರೂ ಕೆಳಗಿಳಿದು ಪಡಸಾಲೆಯಲ್ಲಿ ಕೂತರು. ವಿಜಯಮಹಾಂತೇಶನ ತಾಯಿ ಗುರುಸಿದ್ದವ್ವ ಚಹಾ ತಂದರು.

"ಗುರುಸಿದ್ದವ್ವಾರ, ಪೂಜಾದ ಅರಿವಿ ಕೊಡ್ರಿ," ಎಂದರು ಟೀಚರ್.

ಗುಳೇದಗುಡ್ಡದ ತವರಿನಲ್ಲಿ ತಾವೇ ನೇಯ್ದ ಕೆಂಪು ರೇಷ್ಮೆ ಖಣದ ತುಂಡನ್ನು ಅವರು ದೇವರ ಜಗಲಿಯಿಂದ ತಂದರು. ಟೀಚರ್ ಅದರಿಂದ ಬಾಚಣಿಕೆ ತಿಕ್ಕಿ ಕಾಗದದ ಚೂರುಗಳ ಮೇಲೆ ಹಿಡಿದರು. ಚೂರುಗಳು ಹಾರಿ ಅಂಟಿಕೊಂಡವು.

"ಸಾಹಿಲಗ ಮೋಸ ಮಾಡೋದಿದ್ರ ಚಿಪ್ ಒಯ್ತಿದ್ದ, ಸುಟ್ಟು ಇಲ್ಲೇ ಇಟ್ಟು ತಾನ ಯಾಕ ಸಿಕ್ಕೊಳ್ತಿದ್ದ? ಮೈಯಾಗಿನ ಕರೆಂಟು ನೆಲಕ್ಕ ಇಳಿಸೋ ಆ ತಂತಿ ಕಟ್ಟಿಕೊಳ್ಳದ ಅವಾ ಅದನ್ನ ಮುಟ್ಟಂಗಿಲ್ಲ. ಓರೆ ಇಟ್ಟವ್ರಿಗೆ ಅದನ್ನ ಕುಂದ್ರಸೋದು ಗೊತ್ತಿರಲಿಲ್ಲ. ಬಿಳಿ ಪುಡಿ ವಿಭೂತಿ. ಎಳಿ ಈ ಖಣದ್ದು. ಈ ಒಣ ಹವಾದಾಗ ರೇಷ್ಮಿ ತಿಕ್ಕಿದ್ರ ಕಣ್ಣಿಗೆ ಕಾಣದ ಕಿಡಿ ಹುಟ್ಟತೈತಿ. ಚಿಪ್ ಒಳಗ ಸುಡಾಕ ಅಷ್ಟ ಸಾಕು."

ಗುರುಸಿದ್ದವ್ವ ಕೈಯ ತಾಟು ಕೆಳಗಿಟ್ಟು ಖಣವನ್ನು ಎತ್ತಿಕೊಂಡರು. "ಇವತ್ತ ಅದರ ಪರೀಕ್ಷಾ ಅಂತ ಮಗ ಅಂದಿದ್ನಲ್ರೀ... ಮುಂಜಾನೆ ವಿಭೂತಿ ಹಚ್ಚಿ, ಲಿಂಗ ಒರಸೋ ಅರಿವೀಲೆ ಚಂದಂಗ ಒರಸಿ ಇಟ್ಟೆ."

ಸಾಹಿಲ ಮಣಿಕಟ್ಟಿನ ಪಟ್ಟಿ ಬಿಚ್ಚಿಟ್ಟ.

"ಲೇ ಸಾಹಿಲಾ, ತಪ್ಪಾತೋ..." ಎಂದ ವಿಜಯಮಹಾಂತೇಶ.

"ಎರಡು ವರ್ಷ ಒಂದ ತಾಟಿನ್ಯಾಗ ಉಂಡೇವಿ. ಒಂದು ಮಾತು ಕೇಳಲಿಲ್ಲ ನೀ," ಎಂದ ಅವನು. "ಬರ್ತೇನ್ರಿ ಅವ್ವಾ" ಎಂದು ಗುರುಸಿದ್ದವ್ವನ ಕಾಲು ಮುಟ್ಟಿ ಹೊರಬಿದ್ದ.

ಬೀದಿಯಲ್ಲಿ ಇಳಕಲ್ಲಿನವರ ಕಾರು ಬಂದು ನಿಂತಿತು.

"ಅಂಥಾ ಚಿಪ್ ಇನ್ನೊಂದು ನೇಯಾಕ ಎಷ್ಟು ದಿನ ಬೇಕಪಾ?" ಎಂದು ಗುರುಸಿದ್ದವ್ವ ಮಗನನ್ನು ಕೇಳಿದರು.

ಮಗ ಚಪ್ಪಲಿ ಮೆಟ್ಟಿ ಕಾರಿನ ಕಡೆ ನಡೆದ. ಅವರು ಖಣವನ್ನು ಮಡಚುತ್ತ, ಇನ್ನೂ ಸಣ್ಣಗೆ ಮಡಚುತ್ತ ಹೋದದ್ದನ್ನು ರಾಜಶ್ರೀ ನೋಡುತ್ತಲೇ ನಿಂತಳು, ಅದು ಮುಷ್ಟಿಯಲ್ಲಿ ಕಾಣದಾಗುವ ತನಕ.