ಹಲ್ಲು ಕಚ್ಚಿ ಕೊಟ್ಟ ಅಚ್ಚು

"ಬನ್ನಿ, ಕೂತ್ಕೊಳ್ಳಿ," ಎನ್ನುತ್ತ ಅವಳು ತಲೆ ಎತ್ತಿದಳು. ಕೈಯಲ್ಲಿದ್ದ, ಕಿವಿ ನೋಡುವ ಪುಟ್ಟ ಟಾರ್ಚ್ ಮೇಜಿನ ಮೇಲೆ ಬಿತ್ತು.

ಅವನು!

ಕಿವಿಯ ಹತ್ತಿರ ಕೂದಲು ನರೆತಿತ್ತು. ಅಂಗಿಯ ತೋಳಿನಲ್ಲಿ ಮರದ ಪುಡಿ. ಅವನೂ ಅವಳನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟ.

"ಒಳಗೆ ಹೋಗೋ, ಕಾವಲಿಗೆ ನಿಂತಿದ್ದೀಯಾ?" ಹಿಂದಿನಿಂದ ಅವನ ಅಕ್ಕ ದೂಡಿದಳು. "ನೋಡಿ ಮೇಡಂ, ಮರದ ಮಿಲ್ಲಲ್ಲಿ ಗರಗಸದ ಸದ್ದಿಗೆ ಇವನ ಕಿವಿ ಹೋಯ್ತು. ಊಟಕ್ಕೆ ಕರೆದ್ರೂ ಕೇಳಲ್ಲ. ಮದುವೆ ಆಗೋ ಅಂದ್ರೆ ಮೊದಲೂ ಕೇಳ್ತಿರಲಿಲ್ಲ, ಅದು ಬೇರೆ ವಿಷಯ! ಮನೆ ಪಕ್ಕದಲ್ಲೇ ಕಿವಿ ಮಿಷನ್ ಕೊಡೋರಿದ್ದಾರೆ. ಇಲ್ಲ, ಇಲ್ಲಿಗೇ ಬರಬೇಕಂತೆ. ಎರಡು ಬಸ್ ಹತ್ತಿಸಿದ."

ಅಕ್ಕನಿಗೆ ಅವಳು ಯಾರೆಂದು ಗೊತ್ತಿರಲಿಲ್ಲ. ಅವನು ಅವಳ ವಿಷಯ ಮನೆಯಲ್ಲಿ ಯಾರಿಗೂ ಹೇಳಿಯೇ ಇರಲಿಲ್ಲವಲ್ಲ!

ಐದು ವರ್ಷದ ಹಿಂದೆ, ಮದುವೆ ನೋಂದಣಿ ಕಚೇರಿಯ ಮೆಟ್ಟಿಲ ಮೇಲೆ ಅವಳು ನಿಂತಿದ್ದಳು. ಸಾಕ್ಷಿ ಹಾಕಲು ಬಂದ ಇಬ್ಬರು ಗೆಳತಿಯರು ಪಕ್ಕದಲ್ಲಿದ್ದರು. ಕೊನೆಗೂ ರಸ್ತೆಯ ಆಚೆ ಅವನು ಕಾಣಿಸಿದ. ಹೋದ ಜೀವ ಬಂದಂತಾಗಿ ಅವಳು, "ಗೂಬೇ! ಇಲ್ಲಿ!" ಎಂದು ಕೂಗಿದಳು. ಅವನ ಮಾತು ಕಡಿಮೆ ಎಂದು ಅವಳೇ ಇಟ್ಟಿದ್ದ ಹೆಸರು. ರಸ್ತೆಯಲ್ಲಿದ್ದವರೆಲ್ಲ ಅವಳತ್ತ ತಿರುಗಿದರು. ಅವನು ಮಾತ್ರ ಬೆನ್ನು ತಿರುಗಿಸಿ ನಡೆದ. ಅವಳು ಮತ್ತೆ ಮತ್ತೆ ಕೂಗಿದಳು... ಆ ಬೆನ್ನು ಚಿಕ್ಕದಾಗುತ್ತ ಹೋಯಿತು.

ಗುಮಾಸ್ತ ಹೊರಗೆ ಬಂದು, "ಏನಮ್ಮಾ, ನಿಮ್ಮದು ಇವತ್ತು ಇದೆಯೋ ಇಲ್ವೋ?" ಎಂದಿದ್ದ.

ನಾಲ್ಕು ಜನರ ಕಣ್ಣು ಮೈಮೇಲೆ ಬಿದ್ದಾಗ ಚರ್ಮ ಹೇಗೆ ಉರಿಯುತ್ತದೆ ಎಂದು ಅವನಿಗೂ ಗೊತ್ತಾಗಬೇಕು. ಅಂದಿನಿಂದ ಅವಳು ಬೇಡಿಕೊಂಡದ್ದು ಅದೊಂದನ್ನೇ.

ಪರೀಕ್ಷೆ ಮುಗಿಯಿತು. ಎರಡು ಕಿವಿಗೂ ಮಿಷನ್ ಬೇಕಿತ್ತು. ಕಿವಿಯ ಹಿಂದೆ ಮಿಷನ್, ಅದರಿಂದ ಇಳಿಯುವ ಸಣ್ಣ ಕೊಳವೆ, ಕೊಳವೆಯ ತುದಿಗೆ ಕಿವಿಯೊಳಗೆ ಕೂರುವ ಅಚ್ಚು. ಅಚ್ಚು ಸರಿಯಾಗಿ ಕೂತರೆ ಮಾತ್ರ ಉಳಿದದ್ದೆಲ್ಲ ಸರಿ.

"ಅಚ್ಚು ತೆಗೆಯೋಕೆ ಪೇಸ್ಟ್ ಹಾಕ್ತೀನಿ. ಗಟ್ಟಿಯಾಗೋವರೆಗೆ ದವಡೆ ಸಡಿಲ ಬಿಟ್ಟಿರಿ," ಎಂದಳು, ಗುರುತೇ ಇಲ್ಲದವಳಂತೆ.

ದಾರ ಕಟ್ಟಿದ ಹತ್ತಿಯನ್ನು ಒಳಗೆ ಇಟ್ಟು, ಎರಡೂ ಕಿವಿಗೆ ಪೇಸ್ಟ್ ತುಂಬಿದಳು. ಅಕ್ಕ ಫೋನ್ ಬಂತೆಂದು ಹೊರಗೆ ಹೋದಳು. ಈಗ ಬಾಂಬ್ ಬಿದ್ದರೂ ಅವನಿಗೆ ಕೇಳಿಸದು. ಅವಳು ಅವನ ಬೆನ್ನ ಹಿಂದೆ ಹೋಗಿ ನಿಂತಳು.

"ನಿನಗೆ ಹೀಗೇ ಆಗಬೇಕಿತ್ತು," ಎಂದಳು ಮೆಲ್ಲಗೆ. "ಪೂರ್ತಿ ಕಿವುಡಾಗು. ನೀನೂ ಕೂಗು, ಯಾರೂ ತಿರುಗದೇ ಇರಲಿ. ನಿನ್ನನ್ನ ನೆನೆದು ಒಂದು ದಿನವೂ ಅತ್ತಿಲ್ಲ ನಾನು. ಶಾಪ ಹಾಕಿದ್ದೀನಿ... ದಿನಾ ಹಾಕಿದ್ದೀನಿ."

ಅವನು ಕಲ್ಲಿನಂತೆ ಕೂತಿದ್ದ.

ಅಚ್ಚು ಸಿದ್ಧವಾಗಿ ಬಂದ ದಿನ ಅವಳೇ ಹಾಕಿದಳು. ಅವನು ಬಾಯಿ ಬಿಗಿದು ಕೂತಾಗ ಚೆನ್ನಾಗಿಯೇ ಇತ್ತು. "ಏನಾದ್ರೂ ಮಾತಾಡಿ," ಎಂದಳು.

"ಏನು ಮಾತಾಡ್ಲಿ..."

ಕೀಂ...! ಮಿಷನ್ ಕಿರುಚಿತು. ಅವನು ಬಾಯಿ ಬಿಗಿಯಾಗಿ ಮುಚ್ಚಿದ, ಸದ್ದು ನಿಂತಿತು. ಬಾಯಿ ತೆರೆದ, ಮತ್ತೆ ಕೀಂ...!

ಅಚ್ಚು ಸಡಿಲ. ಮಾತಾಡುವಾಗ ದವಡೆ ಅಲುಗಿದರೆ ಸಂದಿಯಿಂದ ಶಬ್ದ ಸೋರಿ ಮಿಷನ್‌ಗೇ ವಾಪಸಾಗುತ್ತಿದೆ. ಇದು ಅವಳಿಗೆ ನೋಡಿದ ಕೂಡಲೇ ಗೊತ್ತಾಯಿತು. ಹೊಸ ಅಚ್ಚು ತೆಗೆಯಬೇಕು. ಬೇರೆ ಯಾರೇ ಆಗಿದ್ದರೂ ತೆಗೆಯುತ್ತಿದ್ದಳು.

*ಬಾಯಿ ಬಿಟ್ಟರೆ ಸಾಕು, ಎಲ್ಲರೂ ತಿರುಗಿ ನೋಡ್ತಾರೆ!*

"ಅಭ್ಯಾಸ ಆಗುತ್ತೆ," ಎಂದಳು. ಅವಳು ತನ್ನ ಕೆಲಸದಲ್ಲಿ ಹೇಳಿದ ಮೊದಲ ಸುಳ್ಳು ಅದು. ಆ ದಿನ ಮನೆಗೆ ಹೋಗಿ ಹೊಟ್ಟೆ ತುಂಬಾ ಉಂಡಳು.

ವಾರ ಕಳೆದು ಅಕ್ಕ ಅವನನ್ನು ಎಳೆದುಕೊಂಡು ಬಂದಳು.

"ಏನು ಮಿಷನ್ ಮೇಡಂ ಇದು, ಪ್ರೆಶರ್ ಕುಕ್ಕರ್ ಥರ! ಬ್ಯಾಂಕಿನ ಕ್ಯೂನಲ್ಲಿ ಇವನು ಮಾತಾಡಿದ್ದೇ ತಡ, ಎಲ್ಲರೂ ತಿರುಗಿ ಇವನನ್ನೇ ನೋಡಿದ್ರು. ಒಂದು ಮಗು ಅಂತೂ ಅಳೋಕೇ ಶುರುಮಾಡ್ತು. ಅವತ್ತಿಂದ ಬಾಯಿಗೆ ಬೀಗ ಜಡಿದಿದ್ದಾನೆ. ತೆಗೆದಿಡು ಅಂದ್ರೂ ತೆಗೆಯಲ್ಲ!"

ಬೇಡಿಕೊಂಡದ್ದು ಹಾಗೆಯೇ ನಡೆದಿತ್ತು. ಆದರೆ ಅವಳು ಅಂದುಕೊಂಡಷ್ಟು ಖುಷಿ ಬರಲಿಲ್ಲ... ಯಾಕೆ?

"ನೀವು ಸ್ವಲ್ಪ ಹೊರಗೆ ಕೂತಿರಿ ಅಕ್ಕಾ," ಎಂದಳು. ಮಿಷನ್ ತೆಗೆದು ನೋಡಿದಾಗ ಅವನ ಕಿವಿಯ ಹಿಂದೆ ಚರ್ಮ ಸುಲಿದು ಕೆಂಪಾಗಿತ್ತು. ಕೊಳವೆಯನ್ನು ಬೇಕಾದ್ದಕ್ಕಿಂತ ಉದ್ದ ಬಿಟ್ಟದ್ದೂ ಅವಳೇ. ಮಿಷನ್ ಜೋತಾಡಿ ಉಜ್ಜುತ್ತಿತ್ತು.

"ಉರೀತಿಲ್ವಾ?"

ಅವನು ಅವಳ ಬಾಯಿ ನೋಡಿದ. "ಚೆನ್ನಾಗಿದೆ."

ಚೆನ್ನಾಗಿದೆಯಂತೆ! ಅವಳಿಗೆ ರೇಗಿತು. ಮಿಷನ್‌ಗಳನ್ನು ಮತ್ತೆ ಅವನ ಕಿವಿಗೆ ಹಾಕಿ, "ಹಲ್ಲು ಕಚ್ಚಿ," ಎಂದಳು. ಅಚ್ಚು ಗಟ್ಟಿಯಾಗಿ, ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು. "ಸಡಿಲ ಬಿಡಿ." ಕೀಂ...!

ಅವಳ ಕೈ ಅಲ್ಲೇ ನಿಂತಿತು. ಈ ಅಚ್ಚು ಹಲ್ಲು ಕಚ್ಚಿಕೊಂಡ ದವಡೆಯದು. ದವಡೆ ಸಡಿಲ ಬಿಡಿ ಎಂದು ಹೇಳಿದ್ದರೂ, ಪೇಸ್ಟ್ ಗಟ್ಟಿಯಾಗುವವರೆಗೆ ಇವನು ಹಲ್ಲು ಕಚ್ಚಿಕೊಂಡೇ ಕೂತಿದ್ದ!

"ಅವತ್ತು ನಾನು ಅಂದಿದ್ದು... ನಿಮಗೆ ಕೇಳಿಸ್ತಾ?"

"ಕೇಳಿಸ್ಲಿಲ್ಲ. ಕಾಣಿಸ್ತು." ಅವನು ಎದುರಿನ ಅಲ್ಮೇರಾದ ಗಾಜು ತೋರಿಸಿದ. ಅದರಲ್ಲಿ ಅವಳ ಮುಖ ಸ್ಪಷ್ಟವಾಗಿತ್ತು. "ಗರಗಸದ ಮುಂದೆ ನಾವೆಲ್ಲ ಬಾಯಿ ನೋಡಿಯೇ ಮಾತಾಡೋದು."

ಮುಖಕ್ಕೆ ರಕ್ತ ನುಗ್ಗಿತು. ಆದರೂ ಅವಳು ಕಣ್ಣು ತಪ್ಪಿಸಲಿಲ್ಲ. ವರ್ಷಗಟ್ಟಲೆ ಅದುಮಿಟ್ಟ ಪ್ರಶ್ನೆ ಹೊರಗೆ ಬಂತು. ಅವಳಿಗೇ ತಿಳಿಯದಂತೆ ಅದರೊಳಗೊಂದು ಆಸೆಯಿತ್ತು.

"ಆ ದಿನ ರಸ್ತೆಯಲ್ಲಿ... ಆಗಲೇ ನಿಮಗೆ ಕಿವಿ ಮಂದ ಆಗಿತ್ತಾ? ನಾನು ಕೂಗಿದ್ದು ಕೇಳಿಸ್ಲಿಲ್ವಾ?"

ಹೌದು ಎನ್ನು. ಒಂದೇ ಮಾತು. ಹೌದು ಎಂದರೆ ಎಲ್ಲವೂ ಸುಲಭ...

"ಇಲ್ಲ," ಎಂದ ಅವನು. "ಆಗ ಚೆನ್ನಾಗಿ ಕೇಳ್ತಿತ್ತು. ಕೂಗಿದ್ದಷ್ಟೂ ಕೇಳಿಸ್ತು."

ಅವಳಿಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಅದರ ಹಿಂದೆಯೇ, ಎದೆಯಲ್ಲಿ ಯಾವುದೋ ಗಂಟು ಬಿಚ್ಚಿತು. ಇವನು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಸರಿ. ಹೊಸ ಅಚ್ಚು ತೆಗೀತೀನಿ," ಎಂದು ಪೇಸ್ಟ್ ಕಲಸಿದಳು. "ಈ ಸಲ ಬಾಯಿ ಅಲುಗಿಸ್ತಾನೇ ಇರಬೇಕು. ಹಾಗಿದ್ರೇನೇ, ಮಾತಾಡೋವಾಗ್ಲೂ ಕಿವಿಗೆ ಹೊಂದೋ ಅಚ್ಚು ಬರೋದು. ಯಾಕೆ ಹೋದ್ರಿ ಅಂತ ಹೇಳ್ತಾ ಇರಿ. ನಿಲ್ಲಿಸೋ ಹಾಗಿಲ್ಲ."

ಮಿಷನ್ ತೆಗೆದು ಪೇಸ್ಟ್ ತುಂಬಿದಳು. ಆಮೇಲೆ ಹೋಗಿ ಬಾಗಿಲನ್ನು ಪೂರ್ತಿ ತೆರೆದಿಟ್ಟಳು.

ಅವನು ಅದನ್ನು ನೋಡಿದ. ಹೊರಗೆ ಸಾಲಾಗಿ ಕೂತಿದ್ದವರನ್ನೂ ನೋಡಿದ. ಆದರೂ ಶುರುಮಾಡಿದ. ಕಿವಿ ಮುಚ್ಚಿದ್ದರಿಂದ ದನಿಯ ಅಳತೆ ಸಿಗದೆ, ಮಿಲ್ಲಿನಲ್ಲಿ ಕೂಗುವ ಹಾಗೆ!

"ಹೆದರಿದೆ! ಮದುವೆ ದಿನ ಹೆದರಿ ಓಡಿಹೋದೆ! ಬೇರೇನೂ ಕಾರಣ ಇಲ್ಲ! ಅಮ್ಮನಿಗೆ ಹೇಳಿರಲಿಲ್ಲ, ಅಕ್ಕನಿಗೂ ಹೇಳಿರಲಿಲ್ಲ! ನಾಳೆ ಹೋಗಿ ಕಾಲು ಹಿಡಿಯೋಣ ಅಂದ್ಕೊಂಡೆ! ನಾಳೆ ನಾಚಿಕೆ ಆಯ್ತು, ನಾಡಿದ್ದು ಇನ್ನೂ ನಾಚಿಕೆ! ಹಾಗೇ ಐದು ವರ್ಷ ಆಯ್ತು!"

ಹೊರಗಿನ ಬೆಂಚಿನಲ್ಲಿ ಒಬ್ಬ ತಾತ ಪಕ್ಕದವನನ್ನು, "ಏನಂತೆ?" ಎಂದು ಕೇಳಿದ.

"ಮದುವೆ ದಿನ ಹುಡುಗೀನ ಬಿಟ್ಟು ಓಡಿಹೋದನಂತೆ!"

"ಹಾಂ? ಯಾರು ಬಿದ್ದುಹೋದ್ರು?"

ಅಕ್ಕ ಬಾಗಿಲಿಗೆ ಬಂದು, ಬಾಯಿ ಮೇಲೆ ಕೈಯಿಟ್ಟು ನಿಂತಳು. ಎಲ್ಲರ ಕಣ್ಣೂ ಅವನ ಮೇಲಿತ್ತು. ಅವನ ಕಣ್ಣು ಮಾತ್ರ ಅವಳ ಮೇಲೆ.

"ಕಿವಿ ಹೋಗ್ತಾ ಬಂತು! ಹಕ್ಕಿ ಹೋಯ್ತು, ಕರೆಗಂಟೆ ಹೋಯ್ತು, ಅಮ್ಮನ ದನಿ ಹೋಯ್ತು! ನೀನು ಕೂಗಿದ್ದು ಮಾತ್ರ ಹೋಗ್ಲಿಲ್ಲ! ಇಲ್ಲಿ ನೀನಿದ್ದೀಯಾ ಅಂತ ಗೊತ್ತಾಗಿಯೇ ಬಂದೆ! ಬೈಸ್ಕೊಳ್ಳೋಕೆ ಬಂದೆ! ಹಿಂಸೆ ಕೊಡು, ಶಾಪ ಹಾಕು, ಆದ್ರೆ ಬೇರೆಯವರ ಹತ್ತಿರ ಕಳಿಸ್ಬೇಡ!"

ಪೇಸ್ಟ್ ಯಾವಾಗಲೋ ಗಟ್ಟಿಯಾಗಿತ್ತು. ಸಾಕು ಎಂದು ಅವಳು ಹೇಳಲಿಲ್ಲ. ಅವನ ಮಾತು ತಾನಾಗಿ ಮುಗಿಯುವವರೆಗೂ ಕಾದಳು.

ಅಕ್ಕನ ಕಣ್ಣಲ್ಲಿ ನೀರು, ನಾಲಿಗೆಯಲ್ಲಿ ಬೆಂಕಿ. "ಮೇಡಂ... ಅಲ್ಲ, ಏನಂತ ಕರೀಲಿ ನಿಮ್ಮನ್ನ? ನನ್ನ ಪಾಲಿಂದೂ ಎರಡು ಬಾರಿಸಿ ಇವನಿಗೆ!" ಎಂದು ಬಾಗಿಲು ಎಳೆದುಕೊಂಡಳು.

ಅವಳು ಕಿವಿಯಿಂದ ಅಚ್ಚುಗಳನ್ನು ಮೆಲ್ಲಗೆ ತಿರುಗಿಸಿ ತೆಗೆದಳು. ಸಿಟ್ಟು ಕರಗಿರಲಿಲ್ಲ. ಅದು ಇನ್ನೂ ಬಹಳ ದಿನ ಇರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಸುಲಿದ ಚರ್ಮಕ್ಕೆ ಮುಲಾಮು ಹಚ್ಚುವಾಗ ಅವಳ ಬೆರಳು ಅಲ್ಲಿ ಸ್ವಲ್ಪ ಹೆಚ್ಚೇ ಹೊತ್ತು ನಿಂತಿತು.

"ಹೊಸದು ಬರೋಕೆ ಒಂದು ವಾರ. ಹಳೇದನ್ನ ಕೊಡಲ್ಲ. ಗಾಯ ಒಣಗಬೇಕು."

"ಅಲ್ಲಿವರೆಗೆ ನೀನು ಮಾತಾಡಿದ್ರೆ ನನಗೆ ಹೇಗೆ ಕೇಳಿಸುತ್ತೆ?"

ಅವಳು ಕುರ್ಚಿ ಎಳೆದುಕೊಂಡು ಅವನ ಪಕ್ಕದಲ್ಲಿ ಕೂತಳು. ಕಿವಿಗೆ ಬಾಯಿ ಸೋಕುವಷ್ಟು ಬಾಗಿದಳು.

"ಹತ್ತಿರ ಬಂದು ಮಾತಾಡ್ತೀನಿ."

"ಬೈಯೋಕಾ?"

"ಮೊದಲು ಬೈಯೋಕೇ," ಎಂದಳು. "ಐದು ವರ್ಷದ್ದು ಬಾಕಿ ಇದೆ. ಅದು ಮುಗಿಯೋವರೆಗೆ ಎದ್ದು ಹೋಗೋ ಹಾಗಿಲ್ಲ."

"ಹೋಗಲ್ಲ," ಎಂದ ಅವನು, ಈ ಸಲ ಮೆಲ್ಲಗೆ. "ನಿಧಾನಕ್ಕೆ ಬೈಯಿ."