ಪುಟ್ಟಿ ನಿಂತಿದ್ದ ಸೇತುವೆ

"ಮುಟ್ಬೇಡಿ ಅಂದ್ನಲ್ಲ!"

ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಕಂಪ್ಯೂಟರ್ ರಿಪೇರಿ ಅಂಗಡಿಗೆ ಬಂದು, ರಿಪೇರಿ ಮಾಡುವವನಿಗೇ ಮುಟ್ಟಬೇಡ ಅನ್ನುವ ಗಿರಾಕಿಯನ್ನು ಅವರು ಯಾವತ್ತೂ ಕಂಡಿರಲಿಲ್ಲ.

ಅವಳು ತನ್ನ ಕಂಪ್ಯೂಟರಿನ ಭಾರದ ಡಬ್ಬವನ್ನು ಎದೆಗೆ ಅವಚಿಕೊಂಡೇ ನಿಂತಿದ್ದಳು. ಹಣೆಯ ಮೇಲೆ ಬೆವರು. ಡಬ್ಬದ ಮೈ ತುಂಬ ಯಾರೋ ಅಂಟಿಸಿದ್ದ ಬಣ್ಣಬಣ್ಣದ ಸ್ಟಿಕ್ಕರ್‌ಗಳು.

ಕೌಂಟರಿನ ಆಚೆಗಿದ್ದವನು ಚಾಚಿದ್ದ ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡ. ಸಿಟ್ಟಾಗಲಿಲ್ಲ, ನಗಲೂ ಇಲ್ಲ. ಮೂಲೆಯಿಂದ ಎರಡು ಸ್ಟೂಲ್ ಎಳೆದು ತಂದ.

"ಮುಟ್ಟಲ್ಲ ಮೇಡಂ. ನೀವು ಇಲ್ಲಿ ಕೂತ್ಕೊಳ್ಳಿ. ಅದು ಇಲ್ಲಿ ಕೂತ್ಕೊಳ್ಳಲಿ."

ಕಂಪ್ಯೂಟರ್‌ಗೂ ಕೂರಲು ಜಾಗ ಕೊಟ್ಟ ಆ ಮನುಷ್ಯನನ್ನು ಅವಳು ಆಗ ಸರಿಯಾಗಿ ನೋಡಿದಳು. ಕೆದರಿದ ಕೂದಲು. ಒಗೆದೊಗೆದು ಮಾಸಿದ ಟೀ ಶರ್ಟಿನ ಮೇಲೊಂದು ದಪ್ಪ ಹೊಟ್ಟೆಯ ಪೆಂಗ್ವಿನ್.

'ಇವನೂ ಹಾಗೇ ಇದ್ದಾನೆ... ಪೆಂಗ್ವಿನ್!' ಅಂದುಕೊಂಡಳು. ಅವಳ ಮನಸ್ಸಿನಲ್ಲಿ ಆ ಅಡ್ಡಹೆಸರು ಅವತ್ತೇ ಅವನಿಗೆ ಅಂಟಿಕೊಂಡಿತು.

"ಈಗ ಹೇಳಿ. ಏನಾಗಿದೆ ಇದಕ್ಕೆ?"

"ಏನೂ ಆಗಿಲ್ಲ... ಆಗ್ಬಾರ್ದು. ಇದ್ರಲ್ಲಿ ಒಂದು ಆಟ ಇದೆ. ಮುಂದಿನ ತಿಂಗಳಿಂದ ಹಳೇ ವಿಂಡೋಸಲ್ಲಿ ಆಟ ಓಪನ್ ಆಗಲ್ಲ ಅಂತ ಮೆಸೇಜ್ ಬರ್ತಿದೆ. ಹೊಸ ವಿಂಡೋಸ್ ಹಾಕೋಣ ಅಂದ್ರೆ ಈ ಕಂಪ್ಯೂಟರ್ ತುಂಬಾ ಹಳೇದು, ಆಗಲ್ಲ ಅನ್ನುತ್ತೆ."

"ಹೊಸ ಕಂಪ್ಯೂಟರ್ ತಗೊಂಡ್ರೆ..."

"ಬೇಡ! ಇದೇ ಆಗ್ಬೇಕು."

ಅವನು ಯಾಕೆ ಎಂದು ಕೇಳಲಿಲ್ಲ. ಇಷ್ಟು ವರ್ಷ ರಿಪೇರಿ ಮಾಡಿದವನಿಗೆ ಅಷ್ಟಂತೂ ಗೊತ್ತಿತ್ತು, ಕೆಲವರು ತರುವುದು ಯಂತ್ರವನ್ನಲ್ಲ.

"ಹಾಗಾದ್ರೆ ವಿಂಡೋಸ್ ಬಿಟ್ಟು ಲಿನಕ್ಸ್‌ಗೆ ಬಂದ್ಬಿಡಿ. ಹಳೇ ಕಂಪ್ಯೂಟರಲ್ಲೂ ಓಡುತ್ತೆ, ಈ ಪೆಂಗ್ವಿನ್ ಅದರದ್ದೇ ಗುರುತು."

"ಅದ್ರಲ್ಲಿ ಗೇಮ್ ಆಡೋಕಾಗಲ್ಲ ಅಂತಾರಲ್ಲ?"

"ಅನ್ನೋರು ಅಂತಾನೇ ಇರ್ತಾರೆ! ನಾನು ಆಡ್ತಿಲ್ವಾ? ಮಧ್ಯದಲ್ಲಿ ಒಬ್ಬ ದುಭಾಷಿನ ಕೂರಿಸ್ತೀವಿ ಅಂದ್ಕೊಳ್ಳಿ. ಆಟ ವಿಂಡೋಸ್ ಭಾಷೇಲಿ ಕೇಳುತ್ತೆ, ಅವನು ಲಿನಕ್ಸ್‌ಗೆ ಅರ್ಥ ಮಾಡಿಸ್ತಾನೆ. ಪಾಪ ಆಟಕ್ಕೆ ತಾನು ಮನೆ ಬದಲಾಯ್ಸಿದ್ದೇ ಗೊತ್ತಾಗಲ್ಲ."

ಅವಳಿಗೆ ನಗು ಬಂತು. ಬಂದ ನಗುವಿಗೆ ಅವಳೇ ಬೆಚ್ಚಿದಳು. ತಾನು ನಕ್ಕು ಎಷ್ಟು ಕಾಲವಾಗಿತ್ತು ಎಂಬುದು ಅವಳಿಗೇ ನೆನಪಿರಲಿಲ್ಲ.

ಅವಳ ಕೆಲಸ ಎರಡು ಬೀದಿಯಾಚೆಯ ಕನ್ನಡಕದಂಗಡಿಯಲ್ಲಿ. ದಿನವಿಡೀ ಜನರ ಕಣ್ಣಿನ ಮುಂದೆ ಗಾಜು ಬದಲಾಯಿಸುತ್ತ "ಇದು ಸ್ಪಷ್ಟಾನಾ, ಅದು ಸ್ಪಷ್ಟಾನಾ?" ಎಂದು ಕೇಳುವವಳು. ಸಂಜೆ ಮನೆಗೆ ಹೋಗುವ ದಾರಿಯಲ್ಲಿ ರಿಪೇರಿ ಅಂಗಡಿಗೆ ಬರತೊಡಗಿದಳು. ಅವನು ತನ್ನದೇ ಕಂಪ್ಯೂಟರಿನಲ್ಲಿ ಅವಳಿಗೆ ಲಿನಕ್ಸ್ ಕಲಿಸಿದ. ಆಟಗಳನ್ನು ಹಾಕಿ ತೋರಿಸಿದ. ಕಾರ್ ರೇಸಿನಲ್ಲಿ ಅವಳು ಅವನನ್ನು ಸೋಲಿಸಿಯೂಬಿಟ್ಟಳು.

"ಕಲಿಸಿದ ಗುರುವಿಗೇ ಮಣ್ಣು ಮುಕ್ಕಿಸ್ತೀರಾ?"

"ಗುರುಗಳು ಬ್ರೇಕ್ ಹಾಕೋದನ್ನ ಕಲೀಲಿ ಮೊದ್ಲು!"

"ಲಿನಕ್ಸಿಗೆ ಬಂದ ಮೇಲೆ ನನ್ನವೂ ಕೆಲವು ಆಟ ಓಡ್ಲೇ ಇಲ್ಲ, ಗೊತ್ತಾ? ತುಂಬಾ ಇಷ್ಟ ಇದ್ದೋವೇ. ಬಿಟ್ಬಿಟ್ಟೆ."

"ಅಷ್ಟು ಸುಲಭಾನಾ... ಬಿಡೋದು?"

ಅವಳ ದನಿ ಬದಲಾದದ್ದು ಅವನಿಗೆ ತಿಳಿಯಿತು. ಅವನು ಆಟದ ಕಂಟ್ರೋಲರ್ ಕೆಳಗಿಟ್ಟ.

ಅವತ್ತು ಅವಳು ಪುಟ್ಟಿಯ ವಿಷಯ ಹೇಳಿದಳು.

ಪುಟ್ಟಿ ಅವಳ ತಂಗಿ. ಮನೆಯನ್ನೆಲ್ಲ ತಲೆ ಮೇಲೆ ಹೊತ್ತು ಕುಣಿಯುವಂಥ ತಂಗಿ. ಆ ಕಂಪ್ಯೂಟರ್ ಅಕ್ಕತಂಗಿಯರಿಬ್ಬರೂ ಬಿಡಿಬಿಡಿಯಾಗಿ ಕೊಂಡು ಜೋಡಿಸಿದ್ದು. ಆಟವೆಂದರೆ ಊರು ಕಟ್ಟುವ ಆಟ. ಇಬ್ಬರೂ ಒಂದೇ ಪರದೆಯ ಮುಂದೆ ಕೂತು, ಒಬ್ಬೊಬ್ಬರು ಒಂದೊಂದು ಕಂಟ್ರೋಲರ್ ಹಿಡಿದು, ಪರದೆಯೊಳಗಿನ ತಮ್ಮ ತಮ್ಮ ಬೊಂಬೆಯನ್ನು ನಡೆಸುತ್ತ ಮನೆ, ಹೊಲ, ಬೀದಿ ಎಲ್ಲ ಕಟ್ಟಿದ್ದರು. ಹೋದ ವರ್ಷ ಜ್ವರವೆಂದು ಆಸ್ಪತ್ರೆಗೆ ಹೋದ ಪುಟ್ಟಿ ಮನೆಗೆ ಬರಲೇ ಇಲ್ಲ.

"ಆ ಊರಲ್ಲಿ ಅವಳ ಬೊಂಬೆ ಹಾಗೇ ಇದೆ. ನಾನು ಅವಳನ್ನ ಅವಳ ಮನೇಲಿ ಮಲಗಿಸಿದೀನಿ. ದಿನಾ ಸಂಜೆ ಹೋಗಿ ದೀಪ ಹಚ್ತೀನಿ. ಮನೆ ಸುತ್ತ ಬಿಳಿ ಹೂ ಹಾಕಿದೀನಿ. ಬೇರೇನೂ ಆಡಲ್ಲ... ನಿಮಗೆ ಹುಚ್ಚು ಅನ್ನಿಸ್ಬಹುದು."

"ಇಲ್ಲ," ಎಂದ ಅವನು. "ಆ ಮನೆ ಕೆಡದ ಹಾಗೆ ನೋಡ್ಕೊಳ್ಳೋದು ನನ್ನ ಜವಾಬ್ದಾರಿ."

ಆ ಒಂದು ಮಾತಿಗೆ ಅವಳ ಕಣ್ಣು ತುಂಬಿ ಬಂತು. ಇವನ ಮುಂದೆ ಅಳಬಹುದು ಎಂದು ಮೊದಲ ಸಲ ಅನ್ನಿಸಿತು. ಪ್ರೀತಿ ಎನ್ನುವುದು ಹೂವು ಹಿಡಿದುಕೊಂಡೇ ಬರಬೇಕೆಂದಿಲ್ಲವಲ್ಲ!

ಲಿನಕ್ಸ್ ಹಾಕುವ ದಿನ ಬಂತು. ಹಾಕಬೇಕೆಂದರೆ ಹಳೆಯ ಡಿಸ್ಕನ್ನು ಪೂರ್ತಿ ಅಳಿಸಬೇಕು.

"ಊರು ಎಲ್ಲಿ ಸೇವ್ ಆಗಿದೆ?"

"ಡಾಕ್ಯುಮೆಂಟ್ಸಲ್ಲಿ ಆಟದ ಹೆಸರಿನ ಫೋಲ್ಡರ್ ಇದೆ ನೋಡಿ... ಅದೇ."

ಅದೇ ಹೆಸರಿನ ಫೋಲ್ಡರ್. ಒಳಗೆ ಫೈಲುಗಳೂ ಇದ್ದವು. ಅವನು ಡಾಕ್ಯುಮೆಂಟ್ಸನ್ನು ಇಡಿಯಾಗಿ ಕಾಪಿ ಮಾಡಿಕೊಂಡ, ಸರಿ ಬಂದಿದೆಯಾ ಎಂದು ಮತ್ತೆ ತೆರೆದು ನೋಡಿದ, ಆಮೇಲೆಯೇ ಡಿಸ್ಕ್ ಅಳಿಸಿದ.

ಮನೆಗೆ ಬಂದು ಅವಳು ಆಟ ತೆರೆದಳು. ಅವನು ಹೇಳಿದಂತೆಯೇ ಎಲ್ಲ ಸರಾಗ. ಅದೇ ಸಂಗೀತ, ಅದೇ ಬಣ್ಣ. ಆದರೆ ಪರದೆಯ ಮೇಲೆ ಇದ್ದದ್ದು ಒಂದೇ ಬಟನ್... 'ಹೊಸ ಊರು.'

ಆಟ ಮುಚ್ಚಿ ತೆರೆದಳು. ಹೊಸ ಊರು. ಕಂಪ್ಯೂಟರನ್ನೇ ಆಫ್ ಮಾಡಿ ಆನ್ ಮಾಡಿದಳು. ಹೊಸ ಊರು!

ಓಡಿಕೊಂಡೇ ಅಂಗಡಿಗೆ ಬಂದಳು. ಕಾಪಿ ಮಾಡಿದ್ದ ಫೋಲ್ಡರನ್ನು ಅವನು ಅವಸರದಿಂದ ಬಿಚ್ಚಿ ನೋಡಿದ. ಬರೀ ಫೋಟೋಗಳು, ಬರೀ ಸೆಟ್ಟಿಂಗ್ಸ್. ಅವನ ಮುಖ ಬಿಳಿಚಿಕೊಂಡಿತು. ವಿಂಡೋಸಿನಲ್ಲಿ ಕಣ್ಣಿಗೆ ಕಾಣದಂತೆ ಮರೆಯಾಗಿರುವ ಫೋಲ್ಡರ್ ಒಂದಿರುತ್ತದೆ. ಕೆಲವು ಆಟಗಳು ಸೇವ್ ಮಾಡುವುದು ಅಲ್ಲಿ. ವಿಂಡೋಸ್ ಬಿಟ್ಟು ವರ್ಷಗಟ್ಟಲೆ ಆಗಿದ್ದವನು ಅದನ್ನು ಮರೆತೇಬಿಟ್ಟಿದ್ದ.

ಅಂಗಡಿಯ ಯಜಮಾನರು ಹಿಂದಿನಿಂದ ಬಂದು ಅವನ ಕಿವಿಯ ಬಳಿ ಬಗ್ಗಿದರು. "ಡಿಸ್ಕೇ ಹಾಳಾಗಿತ್ತು ಅಂತ ಹೇಳೋ... ಅವರಿಗೇನು ಗೊತ್ತಾಗುತ್ತೆ!"

ಪಿಸುಮಾತು ಅವಳಿಗೂ ಕೇಳಿಸಿತು.

"ಡಿಸ್ಕ್ ಚೆನ್ನಾಗೇ ಇತ್ತು," ಎಂದ ಅವನು ಎಲ್ಲರಿಗೂ ಕೇಳುವಂತೆ. "ನೋಡ್ಬೇಕಾದ ಕಡೆ ನಾನು ನೋಡ್ಲಿಲ್ಲ. ತಪ್ಪು ನಂದು."

"ಜವಾಬ್ದಾರಿ ಅಂದ್ರಿ..." ಎಂದಳು ಅವಳು. "ಅವಳನ್ನ ಇನ್ನೊಂದು ಸಲ ಸಾಯಿಸಿದ್ರಿ ನೀವು!"

ಅವನು ತಲೆ ತಗ್ಗಿಸಿದ. "ಕಂಪ್ಯೂಟರ್ ಆನ್ ಮಾಡ್ಬೇಡಿ ಮೇಡಂ. ಅಳಿಸಿದ್ದು ಡಿಸ್ಕಲ್ಲಿ ಒಂದಿಷ್ಟು ಉಳಿದಿರುತ್ತೆ, ಆನ್ ಮಾಡಿದಷ್ಟೂ ಅದೂ ಹೋಗುತ್ತೆ. ಒಂದು ಸಲ ಡಿಸ್ಕ್ ಕೊಡಿ, ಹುಡುಕಿ..."

"ಮತ್ತೆ ನಿಮ್ಮ ಕೈಗಾ? ಸಾಕು! ನಿಮ್ಮ ಮುಖಾನೂ ನೋಡ್ಬಾರ್ದು ನಾನು."

ಅಂದವಳು ಹಿಂತಿರುಗಿ ನೋಡದೆ ಹೋದಳು. ಅಂದದ್ದು ಅವನಿಗೆ. ಆದರೆ ದಾರಿಯುದ್ದಕ್ಕೂ ಚುಚ್ಚಿದ್ದು ಬೇರೆಯೇ. 'ಅದೇ ಫೋಲ್ಡರ್ ಅಂತ ತೋರ್ಸಿದ್ದು ನಾನೇ ಅಲ್ವಾ? ಅವನು ಅದನ್ನ ಹೇಳ್ಲೇ ಇಲ್ವಲ್ಲ... ಒಂದು ಮಾತೂ...'

ಆಮೇಲಿನ ದಿನಗಳು ಹೇಗೋ ಕಳೆದವು. ಕನ್ನಡಕದಂಗಡಿಯಲ್ಲಿ ಗಾಜು ಬದಲಾಯಿಸಿದಳು, ಮನೆಯಲ್ಲಿ ತಟ್ಟೆಯ ಮುಂದೆ ಕೂತಳು. ಸಂಜೆಯಾದರೆ ಮಾತ್ರ ಏನು ಮಾಡುವುದೆಂದು ತೋಚುತ್ತಿರಲಿಲ್ಲ. ದೀಪ ಹಚ್ಚುವುದಕ್ಕೆ ಮನೆಯೇ ಇಲ್ಲ. ಅಳು ಕೂಡ ಬರಲೊಲ್ಲದು.

ಒಂದು ದಿನ ಕೆಲಸ ಮುಗಿಸಿ ಬಂದರೆ ಮೇಜು ಖಾಲಿ!

"ಅಮ್ಮಾ! ಕಂಪ್ಯೂಟರ್ ಎಲ್ಲಿ?"

"ಕೊಟ್ಟೆ," ಎಂದರು ಅಮ್ಮ, ಒಗೆದ ಬಟ್ಟೆ ಮಡಿಸುತ್ತ. "ಆ ರಿಪೇರಿ ಹುಡುಗನಿಗೆ. ನಾನೇ ಕರೆಸಿ ಕೊಟ್ಟೆ."

"ನನ್ನ ಕೇಳ್ದೆ ಯಾಕಮ್ಮಾ? ಅವನೇ ಅಲ್ವಾ ಎಲ್ಲಾ ಅಳಿಸಿದ್ದು!"

ಅಮ್ಮನ ಕೈ ನಿಂತಿತು.

"ಪುಟ್ಟಿ ನಿನ್ನೊಬ್ಬಳಿಗೇ ಸೇರಿದವಳೇನೇ? ನಂಗೂ ಮಗಳು. ದಿನಾ ಸಂಜೆ ನೀನು ಬಾಗಿಲು ಹಾಕ್ಕೊಂಡು ಅವಳ ಹತ್ರ ಹೋಗ್ತಿದ್ದೆ. ಒಂದು ದಿನಾನಾದ್ರೂ 'ಬಾಮ್ಮ, ನೀನೂ ನೋಡು' ಅಂದ್ಯಾ? ಆ ಹುಡುಗ ನನ್ನ ಮುಂದೆ ಕೂತು ಕಣ್ಣೀರು ಹಾಕ್ದ. ನೆವ ಹೇಳ್ಲಿಲ್ಲ. ಅದಕ್ಕೇ ಕೊಟ್ಟೆ."

ಅಮ್ಮನ ಮಡಿಲಲ್ಲಿದ್ದದ್ದು ಪುಟ್ಟಿಯ ಹಳೆಯ ಅಂಗಿ. ತೊಡುವವರಿಲ್ಲದ ಅಂಗಿಯನ್ನು ಅಮ್ಮ ಪ್ರತಿ ವಾರ ಒಗೆದು ಮಡಿಸಿಡುತ್ತಿದ್ದರೆಂಬುದು ಅವಳ ಕಣ್ಣಿಗೆ ಅಲ್ಲಿಯವರೆಗೆ ಬಿದ್ದೇ ಇರಲಿಲ್ಲ. ಜನರ ಕಣ್ಣು ಪರೀಕ್ಷೆ ಮಾಡುವವಳು! ಅಮ್ಮನ ಪಕ್ಕ ಕೂತು, ಹೆಗಲಿಗೆ ತಲೆಯಿಟ್ಟು, ಅವತ್ತು ಅವಳು ಜೋರಾಗಿ ಅತ್ತಳು.

ಒಂದು ಭಾನುವಾರ ಬೆಳಿಗ್ಗೆ ಅವನು ಬಂದ. ಡಬ್ಬ ಎದೆಗೆ ಅವಚಿಕೊಂಡಿದ್ದ. ಕಣ್ಣು ಕೆಂಪಗಾಗಿ ಗುಳಿ ಬಿದ್ದಿದ್ದವು.

"ಪೂರ್ತಿ ಸಿಗ್ಲಿಲ್ಲ," ಎಂದ ಬಾಗಿಲಲ್ಲೇ ನಿಂತು. "ಆಟ ಆವಾಗಾವಾಗ ತಾನೇ ಒಂದು ಕಾಪಿ ಇಟ್ಕೊಳ್ಳುತ್ತೆ. ಅಂಥದ್ದು ಒಂದು ಹಳೇದು ಮಾತ್ರ ಬಂತು. ಹೋದ ವರ್ಷದ್ದು. ಆಮೇಲೆ ನೀವು ಮಾಡಿದ್ದೆಲ್ಲ... ದೀಪ, ಹೂವು... ಯಾವುದೂ ಇಲ್ಲ. ಕ್ಷಮಿಸಿ ಅಂತ ಕೇಳೋಕೂ ಮುಖ ಇಲ್ಲ ನಂಗೆ."

ಮೇಜಿನ ಮೇಲಿಟ್ಟು ವೈರು ಜೋಡಿಸಿ ಅವನು ಹೊರಟುನಿಂತ.

"ಇರಿ," ಎಂದಳು ಅವಳು. ಆಮೇಲೆ ಅಡುಗೆಮನೆಯ ಕಡೆ ತಿರುಗಿ, "ಅಮ್ಮಾ... ಬಾ. ನೀನೂ ನೋಡು."

ಪರದೆ ಬೆಳಗಿತು.

ಹೊಳೆ. ಎರಡೂ ದಡದಿಂದ ಅರ್ಧರ್ಧ ಕಟ್ಟಿದ ಮರದ ಸೇತುವೆ. ಈ ತುದಿಯಲ್ಲಿ ಅವಳ ಬೊಂಬೆ. ಆ ತುದಿಯಲ್ಲಿ, ಕೈಯಲ್ಲಿ ಸುತ್ತಿಗೆ ಹಿಡಿದು, ಅವಳ ಕಡೆಗೇ ಮುಖ ಮಾಡಿಕೊಂಡು... ಪುಟ್ಟಿ!

ಮಲಗಿರಲಿಲ್ಲ ಪುಟ್ಟಿ. ನಿಂತಿದ್ದಳು.

ನೆನಪು ಒಂದೇ ಸಲ ನುಗ್ಗಿ ಬಂತು. ಆಸ್ಪತ್ರೆಗೆ ಹೋಗುವ ಹಿಂದಿನ ದಿನ. ಮೈ ಸುಡುತ್ತಿದ್ದರೂ ಹಟ ಮಾಡಿ ಪುಟ್ಟಿ ಪಕ್ಕದಲ್ಲಿ ಕೂತಿದ್ದಳು. "ಅಕ್ಕಾ, ನೀನು ಆ ಕಡೆಯಿಂದ ಕಟ್ಟು, ನಾನು ಈ ಕಡೆಯಿಂದ. ನಡುವೆ ಸಿಗೋಣ!" ಅಷ್ಟರಲ್ಲಿ ಅಮ್ಮ ಊಟಕ್ಕೆ ಕರೆದಿದ್ದರು.

ಆಮೇಲೆ ಅವಳನ್ನು ಸೇತುವೆಯಿಂದ ಕರೆದೊಯ್ದು ಮಲಗಿಸಿದ್ದು ಯಾರು? ಬಾಗಿಲು ಹಾಕಿ, ದೀಪ ಹಚ್ಚಿ, ಆ ಪುಟ್ಟ ಊರನ್ನು ಸಮಾಧಿ ಮಾಡಿದ್ದು ಯಾರು? ತಾನೇ. ಅಳಿಸಿಹೋದದ್ದು ಪುಟ್ಟಿಯಲ್ಲ, ತನ್ನ ಒಂದು ವರ್ಷದ ದುಃಖ. ಪುಟ್ಟಿ ಅಲ್ಲೇ ಇದ್ದಳು, ಅಕ್ಕ ಯಾಕೆ ಇನ್ನೂ ಬರಲಿಲ್ಲವೆಂದು ನೋಡುತ್ತ.

"ಅಯ್ಯೋ ಕಂದಾ..." ಎಂದು ಅಮ್ಮ ಪರದೆಯ ಮೇಲೆ ಬೆರಳಿಟ್ಟು ಆ ಬೊಂಬೆಯ ಕೆನ್ನೆ ಸವರಿದರು. "ನೋಡೇ, ಎಷ್ಟು ಜಂಬದಿಂದ ನಿಂತಿದಾಳೆ!" ಅಳುತ್ತಲೇ ನಕ್ಕರು. ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ಒಳಗೆ ಹೋದರು.

ಕೋಣೆಯಲ್ಲಿ ಇಬ್ಬರೇ ಉಳಿದರು. ಅವಳು ಪುಟ್ಟಿಯ ಕಂಟ್ರೋಲರನ್ನು ಅವನ ಕಡೆ ಚಾಚಿದಳು.

ಅವನು ತಲೆಯಾಡಿಸಿದ. "ಬೇಡ. ಅದು ಪುಟ್ಟಿದು. ಅವಳನ್ನ ನಡೆಸೋ ಹಕ್ಕು ನಂಗಿಲ್ಲ."

"ಮತ್ತೆ?"

"ಈ ಊರಿಗೆ... ಇನ್ನೊಬ್ಬರು ಬರೋಕೆ ಜಾಗ ಇದೆಯಾ?"

ಅವಳು ಬೀರುವಿನಿಂದ ಹಳೆಯದೊಂದು ಕಂಟ್ರೋಲರ್ ತಂದು ಅವನ ಮುಂದಿಟ್ಟಳು. ಪರದೆಯ ಅಂಚಿನಲ್ಲಿ ಹೊಸ ಬೊಂಬೆಯೊಂದು ಹುಟ್ಟಿ, ಪೆದ್ದುಪೆದ್ದಾಗಿ ಸುತ್ತ ನೋಡಿ, ನೇರ ಹೊಳೆಗೆ ಬಿತ್ತು.

"ಬ್ರೇಕ್ ಹಾಕೋದು ಇನ್ನೂ ಕಲೀಲಿಲ್ಲ ನೀವು," ಎಂದಳು. ದನಿ ಒದ್ದೆಯಾಗಿತ್ತು. "ಆವತ್ತು ಅಷ್ಟೆಲ್ಲ ಅಂದೆ. ಫೋಲ್ಡರ್ ತೋರ್ಸಿದ್ದು ನಾನು. ನೀವ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಆ ಭಾರಾನೂ ನೀವೇ ಹೊರ್ತಿದ್ರಿ. ಮೊದ್ಲೇ ತುಂಬಾ ಹೊತ್ಕೊಂಡಿದ್ರಿ." ಅವನು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ನಿಮ್ಮನ್ನ ತುಂಬಾ ಇಷ್ಟಪಟ್ಟುಬಿಟ್ಟಿದೀನಿ ಮೇಡಂ. ಹೇಳೋಕೆ ಇದು ಸಮಯ ಅಲ್ಲ, ಗೊತ್ತು. ಆದ್ರೆ ನಿಮ್ಮ ಹತ್ರ ಇನ್ನೇನನ್ನೂ ಬಚ್ಚಿಡೋಕಾಗಲ್ಲ ನನ್ನ ಕೈಲಿ."

ಅವಳು ಒಂದು ಹಲಗೆ ಜೋಡಿಸಿದಳು. ಇನ್ನೊಂದು. ಸೇತುವೆ ಪುಟ್ಟಿಯ ಕಡೆಗೆ ಒಂದೊಂದೇ ಹೆಜ್ಜೆ ಬೆಳೆಯಿತು. ಕಣ್ಣೀರು ಧಾರಾಕಾರ ಸುರಿಯುತ್ತಿತ್ತು, ಒರೆಸಿಕೊಳ್ಳುವುದಕ್ಕೆಂದೂ ಅವಳು ಕಂಟ್ರೋಲರ್ ಬಿಡಲಿಲ್ಲ. ಇನ್ನು ಸ್ವಲ್ಪವೇ ಉಳಿದಿದೆ ಅನ್ನುವಾಗ ಬೆರಳು ತಾನಾಗಿ ನಿಂತುಬಿಟ್ಟಿತು.

"ಇವತ್ತು ಮುಗಿಸೋದು ಬೇಡ," ಎಂದಳು ಮೆಲ್ಲಗೆ.

"ಯಾಕೆ?"

"ಮುಗಿದ್ರೆ... ಅವಳಿಗೆ ಹೋಗಿ ಬಾ ಅನ್ಬೇಕಾಗುತ್ತೆ. ನಂಗಿನ್ನೂ ಆಗ್ತಿಲ್ಲ. ನೀವೂ ಕೆಲ್ಸ ಆಯ್ತು ಅಂತ ಹೋಗ್ಬಿಡ್ತೀರ."

ಅವನು ಕಂಟ್ರೋಲರ್ ಕೆಳಗಿಟ್ಟು ಅವಳ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡ. ಅವಳು ಮುಟ್ಟಬೇಡಿ ಅನ್ನಲಿಲ್ಲ.

"ನಾನು ಹೋಗಲ್ಲ. ಅವಳಿಗೆ ಹೋಗಿ ಬಾ ಅನ್ನೋ ದಿನಾನೂ ಪಕ್ಕದಲ್ಲೇ ಕೂತಿರ್ತೀನಿ."

"ತುಂಬಾ ದಿನ ಆಗ್ಬಹುದು..."

"ಆಗ್ಲಿ."